ಶನಿವಾರದ ಹೌಸಿಗೆ ಹತ್ತು ಜನ

ಈ ಶನಿವಾರ ಹತ್ತು ಜನ ಬರದಿದ್ದರೆ ಕೋಣೆ ಇಲ್ಲ ಎಂದು ಕಮ್ಯುನಿಟಿ ಸೆಂಟರಿನ ಹುಡುಗಿ ಹೇಳಿದಳು. ಅಮೆರಿಕದ ಈ ಯೂನಿಯನ್ ಸಿಟಿಯಲ್ಲಿ ನಾವು ಮುದುಕ ಮುದುಕಿಯರು ವಾರಕ್ಕೊಮ್ಮೆ ಹೌಸಿ ಆಡುವ ಕೋಣೆ ಅದು. ಎರಡೂವರೆಗೆ ಬಂದು ತಲೆ ಎಣಿಸುತ್ತಾಳಂತೆ. ಕಡಿಮೆಯಿದ್ದರೆ ಅಂದಿನಿಂದಲೇ ಅದು ಡಾನ್ಸ್ ಕ್ಲಾಸಿಗಂತೆ. ನಗುತ್ತಲೇ ಹೇಳಿದಳು. ಇಲ್ಲಿ ಎಲ್ಲವನ್ನೂ ನಗುತ್ತಲೇ ಹೇಳುತ್ತಾರೆ.

ವಾರವೆಲ್ಲ ನಾನು ಬೆರಳು ಮಡಚಿ ಜನ ಎಣಿಸಿದೆ.

"ಒಂದು ಹೌಸಿಗೆ ಇಷ್ಟು ಟೆನ್ಷನ್ ಯಾಕಮ್ಮ? ಫೋನಲ್ಲೇ ಆಡು, ಅದರಲ್ಲೂ ಇದೆ" ಎಂದಳು ಮಗಳು.

ಅವಳಿಗೆ ಗೊತ್ತಿಲ್ಲ. ಒಂದು ಜಾಗ ಖಾಲಿಯಾಗುವುದು ಹೇಗೆ ಎಂದು ನಾನು ಕಣ್ಣಾರೆ ಕಂಡವಳು.

ಮದುವೆಯಾಗಿ ಉಡುಪಿಯಿಂದ ನಾನು ಹೋದದ್ದು ಇಂಗ್ಲೆಂಡಿಗೆ. ಗಂಡನಿಗೆ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ, ನನಗೆ ಬಿಸ್ಕತ್ತಿನ ಫ್ಯಾಕ್ಟರಿ. ಬೀದಿಯ ತುದಿಯಲ್ಲಿ ಒಂದು ಟಾಕೀಸು. ಭಾನುವಾರ ಬೆಳಿಗ್ಗೆ ನಮ್ಮ ದೇಶದವರು ಅದನ್ನು ಬಾಡಿಗೆಗೆ ಹಿಡಿದು ಹಿಂದಿ ಸಿನಿಮಾ ಹಾಕುತ್ತಿದ್ದರು. ನನಗೆ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಯಾರಿಗೆ ಬೇಕಿತ್ತು ಸಿನಿಮಾ? ಒಳ್ಳೆಯ ಸೀರೆ ಉಟ್ಟು, ಎಣ್ಣೆ ಹಾಕಿ ತಲೆ ಬಾಚಿ, ನಮ್ಮ ಬಣ್ಣದ ಇನ್ನಷ್ಟು ಮುಖ ನೋಡಲು ಹೋಗುತ್ತಿದ್ದೆವು. ಹೆಂಗಸರು ಪರದೆಗೆ ಬೆನ್ನು ಹಾಕಿ ಮಾತಾಡುತ್ತಿದ್ದರು.

ಪಕ್ಕದ ಮನೆಯ ಬಿಳಿ ಮುದುಕಿಯ ತಾಯಿಯ ಕಾಲದಲ್ಲಿ ಅದೇ ಕಟ್ಟಡದಲ್ಲಿ ಹಾಡು, ಕುಣಿತ, ನಗೆಯಾಟ ನಡೆಯುತ್ತಿತ್ತಂತೆ. ಜನ ಬಿಯರ್ ಕುಡಿದು ತಾವೂ ದನಿ ಸೇರಿಸುತ್ತಿದ್ದರಂತೆ. ಆಮೇಲೆ ಸಿನಿಮಾ. ಗಂಡನಾಗುವವನ ಕೈಯನ್ನು ಈ ಮುದುಕಿ ಮೊದಲು ಹಿಡಿದದ್ದು ಅಲ್ಲೇ, ಹಿಂದಿನ ಸಾಲಿನಲ್ಲಿ. ಮನೆಮನೆಗೆ ಟಿವಿ ಬಂದ ಮೇಲೆ ಬಿಳಿಯರು ಬರುವುದು ಬಿಟ್ಟರು. ಅದಕ್ಕೇ ನಮಗೆ ಬಾಡಿಗೆಗೆ ಸಿಕ್ಕಿದ್ದು. ಮತ್ತೆ ವೀಡಿಯೊ ಬಂತು, ನಾವೂ ಒಂದು ತಂದೆವು. ಒಂದು ವಾರ ಬಾಲ್ಕನಿಗೆ ಬೀಗ ಬಿತ್ತು, ಇನ್ನೊಂದು ವಾರ ಸಮೋಸದವನು ಬರಲಿಲ್ಲ. ಮುಚ್ಚುತ್ತೇವೆ ಎಂದು ಯಾರೂ ಹೇಳಲಿಲ್ಲ. ಕೊನೆಗೆ ಅಲ್ಲಿ ಬಿಂಗೋ ಶುರುವಾಯಿತು. ಹೌಸಿಯ ಹಾಗೆಯೇ, ನಂಬರು ಕೂಗಿದಂತೆ ಚೀಟಿಯಲ್ಲಿ ಗೆರೆ ಹೊಡೆಯುವುದು, ಮೊದಲು ಎಲ್ಲ ಹೊಡೆದವರು 'ಹೌಸ್' ಎಂದು ಕೂಗಿ ಗೆಲ್ಲುವುದು. ಬಿಳಿ ಮುದುಕಿ ನನ್ನನ್ನೂ ಎಳೆದುಕೊಂಡು ಹೋದಳು. ಅಕ್ಷರ ಬೇಕಿಲ್ಲದ ಆಟ, ನನಗೆ ಹಿಡಿಸಿತು. ಅದೂ ನಿಂತು ಕಾರ್ಪೆಟ್ ಅಂಗಡಿಯಾಯಿತು.

ಈಗ ಮಗಳ ಹತ್ತಿರ ಅಮೆರಿಕಕ್ಕೆ ಬಂದರೆ ಇಲ್ಲಿಯೂ ಅದೇ. ಎಲ್ಲರಿಗೂ ಫೋನ್ ಮಾಡಿದೆ. ನಾನೂ ಸೇರಿ ಒಂಬತ್ತು. ಹತ್ತನೆಯವರು ಹುಬ್ಬಳ್ಳಿಯವರು. ತಿಂಗಳಿಂದ ಬಂದಿಲ್ಲ. ಫೋನ್ ಎತ್ತುವುದು ಸೊಸೆ. "ಅತ್ತೆ ಸೀರಿಯಲ್ ನೋಡ್ತಿದ್ದಾರೆ ಆಂಟಿ" ಎನ್ನುತ್ತಾಳೆ.

ಶನಿವಾರ ಮಧ್ಯಾಹ್ನ ಮಗಳು ನನ್ನನ್ನು ಅವರ ಮನೆ ಮುಂದೆ ಇಳಿಸಿ ಗ್ರೋಸರಿಗೆ ಹೋದಳು. ಸೆಂಟರ್ ಅಲ್ಲಿಂದ ಎರಡೇ ಬೀದಿ. ನಂಬರು, ಚೀಟಿಗಳೆಲ್ಲ ಇದ್ದ ಹೌಸಿಯ ಡಬ್ಬಿ ನನ್ನ ಚೀಲದಲ್ಲಿತ್ತು. ಟಿವಿ ಬೀದಿಗೆ ಕೇಳುತ್ತಿತ್ತು. ಬೆಲ್ ಒತ್ತಿದೆ, ಒತ್ತಿದೆ. ಕಿಟಕಿಯ ಗಾಜು ಬಡಿದ ಮೇಲೆ ತಿರುಗಿ ನೋಡಿದರು.

"ಕಿವಿ ಯಾವಾಗ ಹೋಯ್ತು ಮಾರಾಯ್ರೆ?" ಎಂದು ಬಾಗಿಲಲ್ಲೇ ಕೇಳಿದೆ.

"ಏನಂದ್ರಿ?"

"ಕಿವಿ! ಕಿವಿ!"

"ಮೆಲ್ಲಕ ಅನ್ರಿ ಅಕ್ಕಾರ, ಸೊಸಿ ಮ್ಯಾಲ ಅದಾಳ." ಟಿವಿ ತಗ್ಗಿಸಿದರು. "ನಂಬರ ಕೇಳಂಗಿಲ್ರಿ. ಎರಡನೇ ಸಲ ಕೇಳಿದ್ರ ಆ ಕೂಗೋ ಗುಜರಾತಿ ಅಜ್ಜ ಮಾರಿ ಕಿವಚ್ತಾನ. ಅದಕ್ಕ ಬಿಟ್ಟೆ."

"ಅವನ ಮುಖ ಮೊದಲೇ ಹಾಗೆ ಇರುವುದು. ಹೊರಡಿ, ನಾನು ಬೆರಳಲ್ಲಿ ತೋರಿಸ್ತೇನೆ."

ಚಪ್ಪಲಿ ಹಾಕುತ್ತಾರೆ ಎಂದುಕೊಂಡರೆ ಅವರು ಹೋಗಿ ಒಲೆ ಹಚ್ಚಿದರು.

"ಮೊದಲನೇ ಸಲ ಮನಿಗೆ ಬಂದೀರಿ. ಬರೇ ಬಾಯಿಲೆ ಹ್ಯಾಂಗ ಕಳಸ್ಲಿ?"

"ಎರಡೂವರೆಗೆ ಎಣಿಸ್ತಾಳೆ!"

"ಉಪ್ಪಿಟ್ಟಿಗೆ ಎಷ್ಟೊತ್ತರೀ?"

ಈರುಳ್ಳಿ ಹೆಚ್ಚಿದರು. ರವೆ ಹುರಿದರು, ಕೆಂಪಾಗುವವರೆಗೂ. ನಾನು ಯಾರ ಮುಲಾಜಿಗೂ ಬೀಳದವಳು. ಆದರೂ ಮೊದಲ ಸಲ ಹೊಕ್ಕ ಮನೆಯಲ್ಲಿ ಒಲೆಯ ಮೇಲಿಟ್ಟದ್ದನ್ನು ಬಿಟ್ಟು ಏಳಲು ನನ್ನಿಂದಲೂ ಆಗಲಿಲ್ಲ. ಗಡಿಯಾರ ನೋಡುತ್ತ ಬಿಸಿಬಿಸಿ ನುಂಗಿ ನಾಲಿಗೆ ಸುಟ್ಟುಕೊಂಡೆ. ಆಮೇಲೆ ಚಹಾ.

ಸೆಂಟರ್ ಮುಟ್ಟಿದಾಗ ಎಂಟು ಜನರೂ ಹೊರಗಿನ ಬೆಂಚಿನಲ್ಲಿದ್ದರು. ಒಳಗೆ ಡಾನ್ಸಿನ ಸಂಗೀತ ಶುರುವಾಗಿತ್ತು. ಡಬ್ಬಿ ನನ್ನ ಹತ್ತಿರ ಇದ್ದುದರಿಂದ ಅವರಿಗೆ ಆಡಲು ಏನೂ ಇರಲಿಲ್ಲ. ಎರಡೂವರೆಯವರೆಗೆ ಕೋಣೆಯಲ್ಲಿ ತಲೆ ತಗ್ಗಿಸಿ ಫೋನು ನೋಡುತ್ತ ಕುಳಿತಿದ್ದರಂತೆ. ಹುಡುಗಿ ಎಣಿಸಿ, ಇದನ್ನು ಮನೆಯಲ್ಲೇ ನೋಡಬಹುದಲ್ಲ ಎಂದು ನಕ್ಕಳಂತೆ. ನಾನು ಹೋಗಿ ಈಗ ಹತ್ತಾಯಿತಲ್ಲ ಎಂದೆ. ಸಾರಿ ಎಂದಳು, ನಗುತ್ತಲೇ.

ಡಬ್ಬಿ ಹಿಡಿದುಕೊಂಡು ಎಲ್ಲಿ ಸತ್ತಿದ್ದೆ ಎಂದು ಗುಜರಾತಿ ಅಜ್ಜ ಹಿಂದಿಯಲ್ಲಿ ಬೈದ. ಉಪ್ಪಿಟ್ಟು ತಿನ್ನುತ್ತಿದ್ದೆ ಎಂದೆ. ಇನ್ನು ತಾನು ಕೂಗುವುದಿಲ್ಲ ಎಂದು ಆಚೆ ತಿರುಗಿ ಕುಳಿತ. ಕರೆದುಕೊಂಡು ಹೋಗುವ ಮಕ್ಕಳು ಬರುವುದು ನಾಲ್ಕಕ್ಕೆ. ಅಲ್ಲಿಯವರೆಗೆ ಎಲ್ಲಿಗೆ ಹೋಗುವುದು?

"ಇಲ್ಲಿ ಕೊಡ್ರಿ" ಎಂದು ಹುಬ್ಬಳ್ಳಿಯವರು ಡಬ್ಬಿ ಕಸಿದುಕೊಂಡರು. "ನಾನ ಕೂಗ್ತೀನಿ. ಕೂಗಾಕ ಕಿವಿ ಯಾಕ ಬೇಕು?"

ಕೂಗಿದರು. ಕಿವಿ ಹೋದವರ ದನಿ, ಒಳಗಿನ ಸಂಗೀತವನ್ನೂ ಮೀರಿತು. ಗುಜರಾತಿ ಅಜ್ಜನೂ ಒಂದು ಚೀಟಿ ತೆಗೆದುಕೊಂಡ. ನಾನು ಗೆರೆ ಹೊಡೆಯುತ್ತ ಒಬ್ಬೊಬ್ಬರ ಮುಖವನ್ನೇ ನೋಡಿದೆ. ಬೆಂಚು ತಣ್ಣಗಿತ್ತು, ಗಾಳಿ ಎದ್ದಿತ್ತು. ಮುಂದಿನ ವಾರ ಮಳೆಯಂತೆ. ಮೊದಲು ಬಿಡುವವರು ಯಾರು, ಮಂಡಿನೋವಿನ ಪಂಜಾಬಿಯವಳೋ, ಕೆಮ್ಮುವ ಅವಳ ಗಂಡನೋ?

ಅಷ್ಟರಲ್ಲಿ ಆ ಪಂಜಾಬಿಯವಳೇ ಚೀಟಿ ಎತ್ತಿ ಹಿಡಿದು "ಹೌಸ್!" ಎಂದು ಕಿರುಚಿದಳು.

ಹುಬ್ಬಳ್ಳಿಯವರಿಗೆ ಕೇಳಲಿಲ್ಲ. ಮುಂದಿನ ನಂಬರು ಕೂಗಿದರು.