ಬಾಗಿಲಿಗೆ ಕಟ್ಟಿದ ಹಸಿರು ಬಳೆ

"ಈ ಬಳಿ ಎಲ್ಲಿ ಸಿಕ್ಕೂವು ನಿನಗ?"

ಬೋರಗಾಂವದ ನಮ್ಮ ಮನೆಯ ಬಾಗಿಲಿಗೆ ನಾನು ಕಟ್ಟಿದ್ದ ತೋರಣ ಹಿಡಿದು ಅತ್ತೆ ಕೇಳಿದರು. ಅಟ್ಟದ ಡಬ್ಬಿಯಲ್ಲಿದ್ದ ಹಳೆಯ ಹಸಿರು ಬಳೆಗಳಿಗೆ ಮಗ್ಗದಲ್ಲಿ ಉಳಿದ ಕಪ್ಪು ದಾರ ಸುತ್ತಿ ಅದನ್ನು ಮಾಡಿದ್ದೆ. ನಾನು ಸೊಸೆಯಾಗಿ ಬರುವ ಮೊದಲೇ, ಮಾವ ತೀರಿಕೊಂಡ ದಿನ, ಅತ್ತೆಯ ಕೈಬಳೆಗಳನ್ನು ಒಡೆದಿದ್ದರು. ಡಬ್ಬಿಯಲ್ಲಿದ್ದವು ಅತ್ತೆ ಬಚ್ಚಿಟ್ಟುಕೊಂಡವು ಎಂದು ಅವರ ಮುಖ ನೋಡಿದಾಗಲೇ ನನಗೆ ತಿಳಿಯಿತು. ತೋರಣದ ಗಂಟಿಗೆ ಕೈ ಹಾಕಿದೆ.

"ಬಿಚ್ಚತೇನ್ರಿ ಅತ್ತಿ."

ಅತ್ತೆ ತೋರಣವನ್ನು ಒಮ್ಮೆ ಅಲುಗಿಸಿದರು, ಇನ್ನೊಮ್ಮೆ ಅಲುಗಿಸಿ ನಕ್ಕರು. "ಬಿಚ್ಚಬ್ಯಾಡ ಹುಚ್ಚಿ, ಇಲ್ಲರೆ ಸಪ್ಪಳ ಮಾಡ್ಲಿ. ಆದರ ಹಸರ ಬಳಿಗೆ ಕರಿ ದಾರ ಯಾರರೆ ಸುತ್ತತಾರೇನ? ಹಳದಿ ತಗೊಂಡ ಬಾ, ನಾ ತೋರಸ್ತೇನಿ."

ಇಬ್ಬರೂ ಕಟ್ಟೆಯ ಮೇಲೆ ಕೂತು ದಾರ ಬದಲಿಸಿದೆವು. ಸೊಸೆಯಾಗಿ ಬಂದ ನಾಲ್ಕು ವರ್ಷಗಳಲ್ಲಿ ಅತ್ತೆಯ ಕೈಯಲ್ಲಿ ಬಳೆಯ ಸದ್ದು ನಾನು ಕೇಳಿದ್ದು ಅಂದೇ ಮೊದಲು.