ಒಂದು ತಲೆಗೆ ಒಂದು ಬಕೆಟ್ ನೊರೆ

ನೆನೆದ ಅಂಟವಾಳಕಾಯಿ ಕಿವುಚಿದರೆ ಒಂದು ವಾಸನೆ ಬರುತ್ತದೆ ನೋಡಿ, ಹುಳಿ ಹತ್ತಿದ ಬೆಲ್ಲದಂಥದ್ದು. ಮೊನ್ನೆ ರಾಯಚೂರಿನ ನಮ್ಮ ಮನೆಯ ಬಚ್ಚಲಲ್ಲಿ ಎಷ್ಟೋ ವರ್ಷಗಳ ಮೇಲೆ ಆ ವಾಸನೆ ಎದ್ದಿತು. ಎದ್ದದ್ದೇ ತಡ, ನಾನು ದೇವದುರ್ಗದಲ್ಲಿದ್ದೆ.

ದೇವದುರ್ಗದ ಆ ಮನೆಯಲ್ಲಿ ಹೆಣ್ಣುಮಕ್ಕಳದೇ ದಂಡು. ನನ್ನ ಅಕ್ಕಂದಿರು, ದೊಡ್ಡಪ್ಪನ ಮಕ್ಕಳು, ಎಲ್ಲರ ತಲೆಗೂ ಎರೆಯುವವಳು ಒಬ್ಬಳೇ, ನಮ್ಮಪ್ಪನ ತಾಯಿ, ನಮ್ಮ ಆಯಿ. ಹಿಂದಿನ ಸಂಜೆಯೇ ಕಾಯಿಗಳನ್ನು ಗುಂಡುಕಲ್ಲಿನಿಂದ ಜಜ್ಜಿ, ಬೀಜ ತೆಗೆದು, ಗಡಿಗೆಯಲ್ಲಿ ನೆನೆಹಾಕುತ್ತಿದ್ದಳು. ಬೆಳಗ್ಗೆ ಹತ್ತಿಕಟ್ಟಿಗೆಯ ಉರಿಗೆ ಹಂಡೆಯ ನೀರು ಕಾಯುತ್ತಿತ್ತು. ದೊಡ್ಡವರಿಂದ ಶುರು, ಎಲ್ಲರಿಗಿಂತ ಸಣ್ಣವಳಾದ ನನ್ನ ಸರದಿ ಕೊನೆಗೆ. ಅಷ್ಟೊತ್ತಿಗೆ ನೊರೆಯೆಲ್ಲ ಇಳಿದು ಗಡಿಗೆಯಲ್ಲಿ ಗಸಿ ಉಳಿದಿರುತ್ತಿತ್ತು. “ನನಗ ಬರೇ ಗಸಿ ಹಾಕ್ತಿ” ಎಂದು ನಾನು ಅಳುತ್ತಿದ್ದೆ. “ಹುಚ್ಚಿ, ನೊರಿ ಅವರಿಗೆ, ಸತ್ವ ನಿನಗ. ತಲಿ ಬಗ್ಗಸು” ಎನ್ನುತ್ತಿದ್ದಳು ಆಯಿ. ಬಗ್ಗಿಸದಿದ್ದರೆ ಬೆನ್ನಿಗೊಂದು ಏಟು ಇದ್ದೇ ಇತ್ತು. ಆಮೇಲೆ ಕೆಂಡದ ಮೇಲೆ ಲೋಬಾನ ಉದುರಿಸಿ, ಬುಟ್ಟಿ ಬೋರಲು ಹಾಕಿ, ನಮ್ಮ ಕೂದಲನ್ನು ಅದರ ಮೇಲೆ ಹರವುತ್ತಿದ್ದಳು. ಹೊಗೆಯಲ್ಲಿ ಕೂದಲು ಒಣಗುತ್ತಿದ್ದರೆ ಅಕ್ಕಂದಿರು ಒಬ್ಬರನ್ನೊಬ್ಬರು ಹಂಗಿಸಿ ನಗುತ್ತಿದ್ದರು, ನಾನು ಆ ನಗೆ ಕೇಳುತ್ತಲೇ ನಿದ್ದೆ ಹೋಗುತ್ತಿದ್ದೆ. ಅಂಥ ನಿದ್ದೆ ಮತ್ತೆ ಬರಲಿಲ್ಲ. ಆಯಿ ಹೋದಳು, ಅವ್ವ ಹೋದಳು. ಮಾನ್ವಿಗೆ, ಮಟಮಾರಿಗೆ ಮದುವೆಯಾಗಿ ಹೋದ ಅಕ್ಕಂದಿರೂ ಒಬ್ಬೊಬ್ಬರಾಗಿ ತೀರಿಕೊಂಡರು. ಆ ಮನೆಯ ಜಾಗದಲ್ಲಿ ಈಗ ಗೊಬ್ಬರದ ಅಂಗಡಿ ಇದೆ.

ನನಗೆ ಉಳಿದದ್ದು ಒಂದೇ ಆಸೆ. ಮಗನ ಮಗಳು ಪಲ್ಲವಿಯ ತಲೆಗೆ ಒಮ್ಮೆಯಾದರೂ ನನ್ನ ಕೈಯಿಂದ ಎರೆಯಬೇಕು. ಕರೆದಾಗೆಲ್ಲ “ಬ್ಯಾಡಜ್ಜಿ, ಅದು ಹಳೇ ಕಾಲದ್ದು” ಎಂದು ಶಾಂಪೂ ಚೀಟಿ ಹರಿದುಕೊಂಡು ಬಚ್ಚಲಿಗೆ ಓಡುತ್ತಿದ್ದಳು. ಬರಬರುತ್ತ ಅವಳ ತಲೆಯ ಚರ್ಮ ಕೆಂಪಾಯಿತು, ಬಾಚಣಿಗೆ ತುಂಬ ಕೂದಲು. ಸಿಟ್ಟಿಗೆ ಕತ್ತರಿಸಿಯೇ ಬಿಡುತ್ತೇನೆಂದು ಕುಳಿತಳು. ಹೋದ ವಾರ ತಾನಾಗಿಯೇ ನನ್ನ ಮಂಚದ ಹತ್ತಿರ ಬಂದಳು. “ಅಜ್ಜಿ, ಶಾಂಪೂ ಹಚ್ಚಿದ್ರ ತಲಿ ಉರೀತದ. ನಿಂದು ಆ ಕಾಯಿ ಅದ ಅಲಾ, ಅದನ್ನ ಹಾಕು ನೋಡೂಣು.”

ಏನು ಹೇಳಲಿ! ಕುಣಿಯಬೇಕೆನ್ನಿಸಿತು, ಮೊಣಕಾಲು ಬಿಡಬೇಕಲ್ಲ. ಮಾನ್ವಿ ಸಂತೆಗೆ ಹೋಗುವವರಿಗೆ ಹೇಳಿ ಕಾಯಿ ತರಿಸಿದೆ, ನೆನೆಹಾಕಿದೆ. ಬೆಳಗ್ಗೆ ಬಕೆಟ್‌ನಲ್ಲಿ ಕಿವುಚಿದೆನೋ ಇಲ್ಲವೋ, ನೊರೆ ಉಕ್ಕಿ ಬಚ್ಚಲ ಬಾಗಿಲಿಗೆ ಬಂತು.

“ಯವ್ವಾ! ಇಡೀ ಓಣಿಗೇ ಎರೀತಿ ಏನು?” ಎಂದು ಪಲ್ಲವಿ ಬಿದ್ದು ಬಿದ್ದು ನಕ್ಕಳು.

“ನನ್ನ ಕೈಗೆ ಇಷ್ಟ ಅಳತಿ ಗೊತ್ತು ಬೇ” ಅಂದೆ. ನಿಜವೇ. ತುಂಬಿದ ಮನೆಯಲ್ಲಿ ಆಯಿಯನ್ನು ನೋಡಿ ಕಲಿತ ಅಳತೆ ಅದು. ಒಂದು ತಲೆಗೆ ಎಷ್ಟು ಬೇಕೆಂದು ಈ ಕೈಗೆ ಯಾರೂ ಕಲಿಸಿರಲಿಲ್ಲ.

ಎರೆದೆ. ಕೂದಲು ಒಂದೇ ದಿನಕ್ಕೆ ಬರುವುದಿಲ್ಲ, ಅದು ನನಗೂ ಗೊತ್ತು. ಆದರೆ ಹುಡುಗಿ “ಉರೀಲಿಲ್ಲಜ್ಜಿ. ಬರೋ ವಾರನೂ ಎರಿ” ಅಂದಳು. ಕತ್ತರಿಯ ಮಾತು ಎತ್ತಲಿಲ್ಲ.

ಅರ್ಧ ಬಕೆಟ್ ಹಾಗೇ ಉಳಿದಿತ್ತು. ಚೆಲ್ಲಲು ಹೋದರೆ ಅವಳು ಕೈ ಹಿಡಿದು ನನ್ನನ್ನೇ ಮಣೆಯ ಮೇಲೆ ಕೂಡಿಸಿದಳು. ನನಗೆ ಎರೆಯುತ್ತಿದ್ದ ಆಯಿ ಹೋದ ಮೇಲೆ ನನ್ನ ತಲೆಯನ್ನು ನಾನೇ ತೊಳೆದುಕೊಂಡು ಬಂದವಳು. ವಯಸ್ಸಾಗಿ ಭುಜ ಹಿಡಿದುಕೊಂಡ ಮೇಲೆ ಹಿಂದಲೆಗೆ ಕೈ ಮುಟ್ಟುತ್ತಲೇ ಇರಲಿಲ್ಲ. ಅವಳ ಎಳೆಯ ಬೆರಳುಗಳು ನೆಟ್ಟಗೆ ಅಲ್ಲಿಗೇ ಹೋದವು. ನಾನು ತಲೆಯನ್ನು ಇನ್ನಷ್ಟು ಬಗ್ಗಿಸಿದೆ.

“ಸಾಕೇನಜ್ಜಿ?” ಎಂದು ಕೇಳಿದಳು.

“ಇನ್ನೊಂದು ತಂಬಿಗಿ ಹಾಕವ್ವಾ” ಅಂದೆ.