ನನ್ನ ಅಂಬಿಗನನ್ನು ಕದ್ದವರು

ಕಡಲಿನಿಂದ ದೂರದ ಜನ್ನಾಪುರದಲ್ಲಿ ಕೂತು ಹಡಗುಗಳ ಬಗ್ಗೆ ಬರೆಯುತ್ತೇನೆಂದರೆ ಜನ ನಗುತ್ತಿದ್ದರು. ತೊಂಬತ್ತರ ದಶಕದ ಕೊನೆ. ಮಗಳು ಶಾಲೆಗೆ ಸೇರಿದ ಮೇಲೆ ಹಗಲೆಲ್ಲ ಮನೆ ಖಾಲಿ. ಬೇಸರ ಕಳೆಯಲು ಬರೆಯತೊಡಗಿದೆ. ನಮ್ಮ ಸೀಮೆಯನ್ನಾಳಿದ ಕೆಳದಿ ಅರಸರು ಘಟ್ಟದ ಕೆಳಗಿನ ಬಂದರುಗಳಿಗಾಗಿ ಪೋರ್ಚುಗೀಸರೊಡನೆ ಸೆಣಸಿದ್ದನ್ನು ಓದಿದ ಮೇಲೆ ಅದೇ ಹುಚ್ಚಾಯಿತು. ಬಸ್ಸು ಹತ್ತಿ ಶಿವಮೊಗ್ಗದ ಲೈಬ್ರರಿಗೆ ಹೋಗಿ ಓದುತ್ತಿದ್ದೆ. ಪುಸ್ತಕಗಳಲ್ಲಿ ಅರಸರಿದ್ದರು, ಒಪ್ಪಂದಗಳಿದ್ದವು. ದೋಣಿಗೆ ಹುಟ್ಟು ಹಾಕಿದವರು ಮಾತ್ರ ಇರಲಿಲ್ಲ. ಹಾಗಾಗಿ ಬಲಗೈಯಲ್ಲಿ ಎರಡು ಬೆರಳಿಲ್ಲದ ಅಂಬಿಗನೊಬ್ಬನನ್ನು ಕಲ್ಪಿಸಿಕೊಂಡು ಕಥೆ ಬರೆದೆ.

ಲೈಬ್ರರಿಯಲ್ಲಿ ಪರಿಚಯವಾದ ಇತಿಹಾಸದ ಮೇಷ್ಟರೊಬ್ಬರು, "ಕೊಡಿ, ಓದಿ ಹೇಳ್ತೀನಿ" ಎಂದು ಹಸ್ತಪ್ರತಿ ಒಯ್ದರು. ಎಷ್ಟು ಕೇಳಿದರೂ ಹಿಂತಿರುಗಿಸಲಿಲ್ಲ.

ಮರುವರ್ಷ ಶಿವಮೊಗ್ಗದಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ಗಂಡನ ಜೊತೆ ಹಿಂದಿನ ಸಾಲಿನಲ್ಲಿ ಕೂತಿದ್ದೆ. ವೇದಿಕೆಯ ಮೇಲೆ ಆ ಮೇಷ್ಟರು ನನ್ನವೇ ವಾಕ್ಯಗಳನ್ನು ಓದತೊಡಗಿದರು. ನನ್ನ ಅಂಬಿಗನನ್ನು ತಮ್ಮ ಸಂಶೋಧನೆಯಲ್ಲಿ ಸಿಕ್ಕವನು ಎಂದರು. ನನ್ನ ಮೈಯೆಲ್ಲ ಉರಿಯಿತು. ಎದ್ದೆ.

ಗಂಡ ಕೈ ಹಿಡಿದು, "ಬಿಡು ಮಾರಾಯ್ತಿ, ಎಲ್ಲರೂ ನೋಡ್ತಾರೆ" ಎಂದರು.

"ನೋಡ್ಲಿ" ಎಂದು ಕೈ ಬಿಡಿಸಿಕೊಂಡೆ. "ಸರ್, ಅವನಿಗೆ ಎರಡು ಬೆರಳಿರಲಿಲ್ಲ ಅಂತ ಯಾವ ದಾಖಲೇಲಿದೆ?"

"ಪೋರ್ಚುಗೀಸರ ಕಾಗದಪತ್ರದಲ್ಲಿದೆಯಮ್ಮ. ನಿಮಗೆ ಆ ಭಾಷೆ ಬರಲ್ಲ."

"ಅವು ನಮ್ಮಪ್ಪನ ಬೆರಳು ಸರ್. ಸಾಮಿಲ್‌ನಲ್ಲಿ ಮರ ಕೊಯ್ಯುವಾಗ ಹೋದವು. ನೀವು ಓದ್ತಿರೋದು ನಾನು ಬರೆದ ಕಥೆ."

ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಂಘಟಕರು ಮೈಕ್ ಎಳೆದುಕೊಂಡು, ಊಟಕ್ಕೆ ಹೊತ್ತಾಯಿತು ಎಂದರು. ಜನ ಎಲೆ ಹಿಡಿಯಲು ಎದ್ದು ಹೋದರು. ಮೇಷ್ಟರು ನನ್ನ ಬಳಿ ಬಂದು, "ನಿಮ್ಮ ಹೆಸರಲ್ಲಿ ಓದಿದ್ರೆ ಯಾರು ಕೇಳ್ತಿದ್ರಮ್ಮ?" ಎಂದರು, ಉಪಕಾರ ಮಾಡಿದವರಂತೆ. ಕಳವಿಗಿಂತ ಆ ಮಾತೇ ನನ್ನನ್ನು ಹೆಚ್ಚು ಸುಟ್ಟಿತು.

ಅವರ ಭಾಷಣ ಪುಸ್ತಕವಾಯಿತು. ನಾನು ಕಥೆಯನ್ನು ನೆನಪಿನಿಂದ ಮತ್ತೆ ಬರೆದು ವಾರಪತ್ರಿಕೆಯೊಂದಕ್ಕೆ ಕಳಿಸಿದೆ. ಆ ಪುಸ್ತಕ ನೋಡಿ ಬರೆದಂತಿದೆ ಎಂದು ಸಂಪಾದಕರು ವಾಪಸು ಕಳಿಸಿದರು. ಕಳ್ಳಿ ನಾನಾದೆ. ಕಥೆ ವಾಪಸು ಬಂದ ದಿನ ಒಲೆಯ ಮೇಲಿದ್ದ ಹಾಲು ಉಕ್ಕಿ ಹೋಗುತ್ತಿದ್ದರೂ ಏಳದೆ ಕೂತಿದ್ದೆ. ಗಂಡ ಬಂದು ಒಲೆ ಆರಿಸಿದರು. ಬಿಡು ಎಂದು ಈ ಸಲ ಹೇಳಲಿಲ್ಲ. ಹೇಳುವ ಧೈರ್ಯ ಅವರಿಗಿರಲಿಲ್ಲ.

ಅಂದು ಸಂಜೆಯೇ ಇನ್ನೊಂದು ಕಥೆ ಶುರು ಮಾಡಿದೆ, ಹಡಗಿನ ಹಾಯಿ ಹೊಲಿಯುವ ಹೆಂಗಸಿನದು. ಅದು ನನ್ನ ಹೆಸರಿನಲ್ಲೇ ಅಚ್ಚಾಯಿತು. ಆದರೂ ಸಿಟ್ಟು ಇಳಿಯಲಿಲ್ಲ. ಬಜಾರಿನಲ್ಲಿ ಎದುರಾದರೆ ಮೇಷ್ಟರು ಇಂದಿಗೂ ನಮಸ್ಕಾರ ಮಾಡುತ್ತಾರೆ. ನಾನು ಮಾಡುವುದಿಲ್ಲ.